ಹಳೇ ಕಾರಿಗೆ ಹಿಂದೊಂದು ಕಣ್ಣು, ಮುಂದೊಂದು ಕಣ್ಣು

ಒಂದು ಕಡೆ ಕೂತು ಕಾಯುವುದೆಂದರೆ ನನಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತದೆ. ಕಟಿಂಗ್ ಅಂಗಡಿಯಲ್ಲಿ ನನಗಿಂತ ಮುಂಚೆ ಇಬ್ಬರು ಕೂತಿದ್ದರೆ ಸಾಕು, ಗಡ್ಡ ಬಿಟ್ಟುಕೊಂಡೇ ಮನೆಗೆ ವಾಪಸ್ಸು. ಚಹಾ ಆರುವತನಕ ತಡೆಯಲಾರದೆ ನಾಲಿಗೆ ಸುಟ್ಟುಕೊಂಡದ್ದಕ್ಕಂತೂ ಲೆಕ್ಕವೇ ಇಲ್ಲ. ಇಂಥವನ ಕೈಗೆ ಕಾರು ಕೊಡಬಾರದು ಎಂದು ನನ್ನ ಹೆಂಡತಿ ಮಹಾದೇವಿ ಮೊದಲಿಂದಲೂ ಹೇಳುತ್ತ ಬಂದಿದ್ದಾಳೆ. ಆದರೆ ಕಾರು ನನ್ನದು, ಕೈಯೂ ನನ್ನದು. ಕೇಳುವವರು ಯಾರು?

ಬಸವಕಲ್ಯಾಣದಲ್ಲಿ ನಮ್ಮ ಓಣಿ ಎಷ್ಟು ಅಗಲವೆಂದರೆ, ಎದುರು ಮನೆಯ ಒಗ್ಗರಣೆಗೆ ನಾವು ಸೀನುತ್ತೇವೆ. ಕಾರನ್ನು ಗೇಟಿನಿಂದ ಹಿಂದಕ್ಕೇ ತೆಗೆಯಬೇಕು. ಮಹಾದೇವಿ ಹಿಂದೆ ನಿಂತು ಡಿಕ್ಕಿ ತಟ್ಟುತ್ತ "ಬರ್ರಿ, ಬರ್ರಿ... ತಡೀರಿ!" ಎನ್ನುತ್ತಾಳೆ. 'ಬರ್ರಿ'ಗೂ 'ತಡೀರಿ'ಗೂ ನಡುವೆ ಕಾಯುವ ವ್ಯವಧಾನ ನನ್ನ ಕಾಲಿಗಿಲ್ಲ. ಎದುರು ಮನೆಯ ಕಟ್ಟೆಗೆ ಎಷ್ಟು ಸಲ ಗುದ್ದಿದ್ದೇನೆಂದರೆ, ಅದರ ಮೇಲೆ ಕೂರುವ ಶರಣಪ್ಪ ಕಾಕಾ ನನ್ನ ಇಂಜಿನ್ ಸದ್ದು ಕೇಳಿದೊಡನೆ ಎರಡೂ ಕಾಲು ಮೇಲೆತ್ತಿಕೊಳ್ಳುತ್ತಾರೆ. ಕಡೆಯ ಸಲ ಗುದ್ದಿದಾಗ ಮಹಾದೇವಿ ಕಿಟಕಿಯ ಹತ್ತಿರ ಬಂದು ಸಮಾಧಾನದಿಂದಲೇ ಹೇಳಿದಳು: "ಇನ್ನೊಂದ್ ಸಲ ಎಲ್ಲಿಗರ ತಾಗ್ಸಿದ್ರಿ ಅಂದ್ರ ಚಾವಿ ನನ್ನ ಕೈಯಾಗ. ತವರುಮನ್ಯಾಗ ಟ್ರ್ಯಾಕ್ಟರ್ ಹೊಡದಾಕಿ ನಾ. ಇದೇನ್ ಮಹಾ?"

ಅದು ಬರೀ ಬೆದರಿಕೆಯಲ್ಲ. ತವರೂರು ಬೇಮಳಖೇಡದ ಹೊಲದಲ್ಲಿ ಅವಳು ಟ್ರ್ಯಾಕ್ಟರ್ ಓಡಿಸಿದ್ದು ಖರೇ, ಅಲಮಾರಿಯಲ್ಲಿ ಅವಳ ಲೈಸೆನ್ಸ್ ಇರುವುದೂ ಖರೇ. ನನಗೋ ಬಸ್ಸಿನಲ್ಲಿ ಕೂತರೂ ಇಲ್ಲದ ಬ್ರೇಕು ತುಳಿದು ತುಳಿದು ಮೊಣಕಾಲು ನೋಯುತ್ತದೆ. ಇನ್ನು ಜೀವನಪೂರ್ತಿ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂರುವುದೆ? ನೆನೆದೇ ಬೆವರಿದೆ.

ಆಗ ಹೊಳೆದದ್ದು ಕ್ಯಾಮೆರಾ. ಕಾರಿನ ಹಳೇ ಟೇಪ್ ರೆಕಾರ್ಡರ್ ಕಿತ್ತು ದೊಡ್ಡ ಪರದೆಯ ಸ್ಟೀರಿಯೋ ಹಾಕಿಸಿದ್ದೆ. ಅದರಲ್ಲಿ ವಚನ ಕೇಳುವುದು ಬಿಟ್ಟರೆ ಬೇರೆ ಉಪಯೋಗ ಆಗಿರಲಿಲ್ಲ. ಇಬ್ಬರೂ ಹುಮನಾಬಾದಿಗೆ ಹೋದೆವು. ಕಾರಿನ ಸಾಮಾನಿನ ಅಂಗಡಿಯ ರಫೀಕ್ ಭಾಯ್ ಗಾಜಿನ ಮೇಲೆ ಕ್ಯಾಮೆರಾಗಳನ್ನು ಹರವಿದರು. ಒಂದರಲ್ಲಿ ಕತ್ತಲಲ್ಲೂ ಕಾಣುವ ದೀಪ, ಒಂದರಲ್ಲಿ ದೂರ ತೋರಿಸುವ ಬಣ್ಣದ ಗೆರೆ. ಅಗಲ ನೋಟದ್ದು ಹಾಕಿದರೆ ಗೇಣು ದೂರದ ಗೋಡೆ ಪಕ್ಕದೂರು ಮಂಠಾಳದಲ್ಲಿದ್ದಂತೆ ಕಾಣುತ್ತದೆ. ಸಣ್ಣ ನೋಟದ್ದರಲ್ಲಿ ಹಿಂದಿನವನ ಮೂಗು ಬಿಟ್ಟು ಬೇರೇನೂ ಕಾಣುವುದಿಲ್ಲ.

"ಸಾಹೇಬ್ರ, ಹಿಂದಿಂದು ಉಲ್ಟಾ ತೋರಸ್ಬೇಕು, ಕನ್ನಡಿ ಹಂಗ. ಮುಂದಿಂದು ಸೀದಾ. ನಿಮ್ಮ ಸ್ಟೀರಿಯೋದಾಗ ಕ್ಯಾಮೆರಾಕ್ಕ ಜಾಗಾ ಒಂದೇ ಅದ, ಎರಡೂ ಬೇಕಂದ್ರ ನಡುವ ಒಂದು ಬಟನ್ ಕೂಡಸ್ಬೇಕು. ಆರಾಮ್ ಕೂಡ್ರಿ, ಒಂದೊಂದೇ ಹಚ್ಚಿ ತೋರಸ್ತೀನಿ" ಎಂದರು ಭಾಯ್. ಮಹಾದೇವಿ ಸ್ಟೂಲಿನ ಮೇಲೆ ಕೂತು ಆರಾಮಾಗಿ ಚಹಾ ಕುಡಿಯತೊಡಗಿದಳು. ನಾನು ಮಾತ್ರ ಅಂಗಡಿಗೂ ರಸ್ತೆಗೂ ಓಡಾಡುತ್ತ, "ನಿಮಗ ಛಲೋ ಅನ್ಸಿದ್ದು ಹಾಕಿ ಬಿಡ್ರಿ, ಮುಂದೊಂದು ಹಿಂದೊಂದು" ಎಂದೆ.

"ಓಣಿ ಸಣ್ಣದಿದ್ರ ಬಾಜೂಕ್ಕೂ ಹಾಕ್ಸೋದು ಛಲೋರಿ" ಎಂದರು ಭಾಯ್, ಕಾರಿನ ಪಕ್ಕೆ ತೋರಿಸುತ್ತ.

"ಬಾಜೂಕ್ಕ ನನ್ನ ಕಣ್ಣಿಲ್ಲೇನು?" ಎಂದು ಗದರಿದೆ. ಭಾಯ್ ಎರಡೇ ಕ್ಯಾಮೆರಾ ಎತ್ತಿಕೊಂಡು ಕೂಡಿಸಲು ಕಾರಿನತ್ತ ನಡೆದರು.

ಮರುದಿನ ಬೆಳಿಗ್ಗೆ ಮಹಾದೇವಿ ಆರತಿ ತಟ್ಟೆ ತಂದಳು. ಪೂಜೆಯಿಲ್ಲದೆ ನಮ್ಮ ಮನೆಯಲ್ಲಿ ಮಿಕ್ಸರ್ ಕೂಡ ತಿರುಗುವುದಿಲ್ಲ. ಅವಳು ಊದಿನಕಡ್ಡಿ ಹಚ್ಚುವಷ್ಟರಲ್ಲಿ ನಾನೇ ಮೂರು ಬೆರಳು ವಿಭೂತಿಗೆ ಅದ್ದಿ ಸ್ಟೀರಿಂಗಿಗೆ, ಪರದೆಗೆ, ಮುಂದಿನ ಕ್ಯಾಮೆರಾಕ್ಕೆ, ಹಿಂದಿನದಕ್ಕೆ ಸರಸರ ಎಳೆದುಬಿಟ್ಟೆ. ತೆಂಗಿನಕಾಯಿ ಒಡೆದು, ರಿವರ್ಸ್ ಹಾಕಿದರೆ ಪರದೆ ಬೆಳ್ಳಗೆ! ಪರದೆ ಒರೆಸಿದೆ. ಆಗಲೂ ಬೆಳ್ಳಗೆ! ಬಟನ್ ಒತ್ತಿ ಮುಂದೆ ನೋಡಿದೆ, ಅಲ್ಲೂ ಬೆಳ್ಳಗೆ. ರಕ್ತ ತಲೆಗೇರಿ ಫೋನ್ ಹಚ್ಚಿದೆ. "ಏನ್ ಭಾಯ್, ಕೆಟ್ಟ ಮಾಲು ಕೊಟ್ಟು ಕಳಿಸೀರೇನು?"

"ಪೂಜಾ ಆಯ್ತೇನ್ರಿ?"

"ಆಯ್ತು. ಅದಕ್ಕೇನೀಗ?"

"ವಿಭೂತಿ ಎಲ್ಲೆಲ್ಲಿ ಹಚ್ಚೀರಿ?"

ಫೋನ್ ಇಟ್ಟೆ. ಇಳಿದು ಹೋಗಿ ಟವೆಲ್ಲಿನಿಂದ ಎರಡೂ ಕ್ಯಾಮೆರಾ ಒರೆಸಿದೆ. ಮಹಾದೇವಿ ಸೆರಗು ಬಾಯಿಗಿಟ್ಟುಕೊಂಡು ಆಕಾಶ ನೋಡುತ್ತಿದ್ದಳು.

ಈಗ ಕಂಡಿತು ನೋಡಿ! ಕಟ್ಟೆ, ಕಟ್ಟೆಯ ಮೇಲೆ ಕಾಲೆತ್ತಿಕೊಂಡ ಕಾಕಾ, ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟ ಹೆಂಡತಿ. ಹಸಿರು ಗೆರೆ, ಹಳದಿ ಗೆರೆ ದಾಟಿ, ಕೆಂಪು ಗೆರೆ ಬರುವ ಮೊದಲೇ ನಿಲ್ಲಿಸಿದೆ. ಕಾಕಾ ನಂಬಲಾರದೆ ಒಂದು ಕಾಲು ಇಳಿಸಿದರು, ಆಮೇಲೆ ಇನ್ನೊಂದು. ನನಗಾದ ಖುಷಿ ಹೇಳತೀರದು. ಆ ಖುಷಿಯನ್ನಾದರೂ ಒಂದು ಗಳಿಗೆ ಅನುಭವಿಸಬೇಕಿತ್ತು. ಎಲ್ಲಿಯ ತಡೆ? ಕಾರಿನ ಮೂತಿ ಇನ್ನೂ ಗೇಟಿನೊಳಗೇ ಇತ್ತು, ನಾನು ಮುಂದಿನ ಗೇರು ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಕ್ಸಲರೇಟರ್ ಒತ್ತಿದೆ. ಕರ್‍ರ್ ಎಂದಿತು. ಗೇಟಿನ ಕಬ್ಬಿಣದ ಕಂಬ ಎಡಬಾಜುವನ್ನು ಬಾಗಿಲಿಂದ ಬಾಗಿಲತನಕ ಗೀರಿಕೊಂಡು ಹೋಗಿತ್ತು. ಮುಂದಿನ ಕ್ಯಾಮೆರಾ, ಹಿಂದಿನ ಕ್ಯಾಮೆರಾ ಎರಡರಲ್ಲೂ ಅದರ ಸುಳಿವಿರಲಿಲ್ಲ.

ಮಹಾದೇವಿ ಕಿಟಕಿಗೆ ಬಂದಳು. "ಬಾಜೂಕ್ಕ ನಿಮ್ಮ ಕಣ್ಣಿಲ್ಲೇನ್ರಿ?" ಎಂದು ಅಂಗೈ ಚಾಚಿದಳು. ಚಾವಿ ಕೊಟ್ಟೆ. ಅಳು ಬಂದಿತ್ತು, ಓಣಿಯವರೆಲ್ಲ ನೋಡುತ್ತಿದ್ದರೆಂದು ತಡೆದುಕೊಂಡೆ.

ಈಗ ದಿನಾ ಅವಳೇ ತೆಗೆಯುತ್ತಾಳೆ, ಪರದೆ ನೋಡುತ್ತ, ಗೆರೆ ನೋಡುತ್ತ, ಸಾವಕಾಶ. ನಾನು ಹಿಂದೆ ಅತ್ತಿತ್ತ ಓಡಾಡುತ್ತ, ಡಿಕ್ಕಿ ತಟ್ಟುತ್ತ "ಬಾ, ಬಾ, ಬಾ, ಇನ್ನ ಎಷ್ಟೊತ್ತು?" ಎನ್ನುತ್ತೇನೆ. ನಿನ್ನೆ ಅರ್ಧಕ್ಕೇ ನಿಲ್ಲಿಸಿ ತಲೆ ಹೊರಗೆ ಹಾಕಿದಳು. "ರೀ, ಹಿಂದಿನ ಕ್ಯಾಮೆರಾ ಕೆಟ್ಟದೇನ್ ನೋಡ್ರಿ. ಚಿತ್ರ ಒಂದೇ ಸಮ ಅಲ್ಲಾಡಾಕತ್ತದ."

ಗಾಬರಿಯಿಂದ ರಫೀಕ್ ಭಾಯ್‌ಗೆ ಫೋನ್ ಹಚ್ಚಲು ಹೊರಟೆ. ಕಟ್ಟೆಯ ಮೇಲಿಂದ, ಇಳಿಬಿಟ್ಟ ಕಾಲು ಕದಲಿಸದೆ, ಶರಣಪ್ಪ ಕಾಕಾ ಹೇಳಿದರು: "ಕ್ಯಾಮೆರಾ ಛಲೋ ಅದ ತಮ್ಮಾ. ನೀ ಒಂದ್ ಕಡೆ ನಿಂದ್ರು."