ಅಕ್ಷರ ಕಲಿಯಾಕ ಹೋಗಿ ಅಂಜಿ ಬಂದದ್ದು

ಅಕ್ಷರ ಬರೆಯುವ ಮಂದಿಗೂ ದೆವ್ವಗಳಿಗೂ ಅದೇನು ನಂಟೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಒಬ್ಬರನ್ನು ಹುಡುಕಿಕೊಂಡು ಹೋದಲ್ಲೆಲ್ಲ ಇನ್ನೊಬ್ಬರ ಸುಳಿವೂ ಸಿಕ್ಕಿದೆ.

ಡ್ರಾಯಿಂಗ್ ಪರೀಕ್ಷೆ ಪಾಸಾದ ಮೇಲೆ ನನಗೆ ಹತ್ತಿದ್ದು ಹೂವು ಹಣ್ಣು ಬರೆಯುವ ಹುಚ್ಚಲ್ಲ, ಅಕ್ಷರದ ಹುಚ್ಚು. ಒಂದು 'ಳ' ಎಷ್ಟು ಹೊಟ್ಟೆ ಬಿಟ್ಟರೆ ಚಂದ, ಒತ್ತು ಎಲ್ಲಿ ಕೂತರೆ ಚಂದ, ಇದೇ ಧ್ಯಾನ. ಅಪ್ಪ ಒಂದೇ ಮಾತು ಹೇಳಿದ: "ಹುಚ್ಚು ಇಳಿಯೂಮಟ ತಿರುಗು. ಇಳಿದ ಮ್ಯಾಲ ಹೊಲಕ್ಕ ಬಾ." ಅಕ್ಷರಕ್ಕೆಂದು ಸಾಲೆ ಎಲ್ಲಿತ್ತು? ಬರೆಯುವವರ ಹತ್ತಿರ ಕೂತು ನೋಡುವುದೇ ಸಾಲೆ.

ಹಾನಗಲ್ಲಿನ ಗೋಡೆ

ಹಾನಗಲ್ಲಿನಲ್ಲಿ ಒಬ್ಬ ಪೇಂಟರ್ ಇದ್ದರು. ದಾರ ಹಿಡಿಯುತ್ತಿರಲಿಲ್ಲ, ಗೆರೆ ಎಳೆಯುತ್ತಿರಲಿಲ್ಲ. ಕುಂಚ ಇಟ್ಟರೆ ಅಕ್ಷರಗಳು ತಾವಾಗಿ ಬಂದು ಸಾಲಿಗೆ ಕೂಡುತ್ತಿದ್ದವು. ಪೇಟೆಯ ಒಬ್ಬ ವ್ಯಾಪಾರಿಯ ಗೋಡೆಗೆ ಅವರು 'ಸಾವಕಾರರ ಜವಳಿ ಅಂಗಡಿ' ಎಂದು ಬರೆದರು. ಅಷ್ಟು ತೂಕದ 'ಸಾ' ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ 'ಕಾರರ' ಇಲ್ಲ. ಅಷ್ಟು ಜಾಗ ಬೋಳು ಗೋಡೆ. ಉಳಿದದ್ದು 'ಸಾವ', ಅದರಾಚೆ 'ಜವಳಿ ಅಂಗಡಿ'. ಮತ್ತೆ ಬರೆದರು. ಮತ್ತೆ ಹೋಯಿತು. ಲಗ್ನದ ಸೀರೆಗೆ ಬಂದವರು ಗೋಡೆ ಓದಿ ಹಾಗೇ ಮುಂದೆ ನಡೆದರು. ಒಳಗೆ ಬಂದವರೂ ದನಿ ತಗ್ಗಿಸಿ ಕೇಳುತ್ತಿದ್ದರು: "ಹೆಣಕ್ಕ ಹೊಚ್ಚೂ ಅರಿವಿ ಐತೇನ್ರಿ?"

ವ್ಯಾಪಾರಿಯ ಮುಖ ಸುಣ್ಣದ ಹಾಗಾಯಿತು. "ನನ್ನ ಸರದಿ ಬಂತ್ರಿ. ಯಾರೋ ಕಾಣದವರು ಅಳಿಸಿ ಅಳಿಸಿ ತೋರ್ಸಾಕತ್ತಾರ" ಎಂದ.

ಬೆಳಗು ಹರಿಯುವ ಹೊತ್ತಿಗೆ ವ್ಯಾಪಾರಿ, ಪೇಂಟರ್, ನಾನು ಮೂವರೂ ಎದುರಿನ ಕಟ್ಟೆಯ ಮೇಲೆ ಕಾದು ಕೂತೆವು. ದಟ್ಟ ಮಂಜು. ಮೊದಲು ಸಪ್ಪಳ ಬಂತು. ಸರ್‍... ಸರ್‍... ಯಾರೋ ಗೋಡೆಯನ್ನು ನಿಧಾನವಾಗಿ ಕೆರೆಯುವ ಸಪ್ಪಳ. ವ್ಯಾಪಾರಿ ನನ್ನ ರಟ್ಟೆ ಹಿಡಿದುಕೊಂಡ. ಮಂಜು ತುಸು ಸರಿದಾಗ ಬೆಳ್ಳಗಿನದೊಂದು ಗೋಡೆಗೆ ಮುಖ ಒತ್ತಿ ನಿಂತದ್ದು ಕಾಣಿಸಿತು.

ವ್ಯಾಪಾರಿಯದೇ ಆಕಳು! ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ನಮ್ಮ ಪೇಂಟರ್ ಅಕ್ಷರ ಬರೆಯುವ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸುತ್ತಿದ್ದರು.

ಹೋದ ಜೀವ ಬಂದ ಕೂಡಲೇ ವ್ಯಾಪಾರಿಗೆ ಸಿಟ್ಟೂ ಬಂತು. "ನೆಕ್ಕಿದ್ರ ಎಲ್ಲಾ ನೆಕ್ಕಬೇಕಿತ್ತಲ್ರಿ! ಮೊದಲಿನ 'ಸಾವ' ಅಷ್ಟ ಯಾಕ ಬಿಡ್ತು?"

ಪೇಂಟರ್ ಕುಂಚ ತೊಳೆಯುತ್ತ ಹೇಳಿದರು: "ಸಾವು ಯಾರಿಗೆ ರುಚಿ ಆಕ್ಕೈತ್ರಿ, ಸಾವಕಾರ್ರ?"

ಸವಣೂರಿನ ಕಲ್ಲು

ಪೇಂಟರೇ ನನ್ನನ್ನು ಸವಣೂರಿಗೆ ಅಟ್ಟಿದರು. "ಬಣ್ಣದ ತಪ್ಪು ಸುಣ್ಣದಾಗ ಮುಚ್ಚಿ ಹೊಕ್ಕೈತಿ. ತಪ್ಪದಂಗ ಬರಿಯೂದು ಕಲೀಬೇಕಂದ್ರ ಕಲ್ಲು ಕೆತ್ತಾವರ ಹತ್ರ ಹೋಗು."

ಅಲ್ಲಿ ದೊಡ್ಡ ಹುಣಸೆ ಮರಗಳ ಆಚೆ, ಖಬರಸ್ಥಾನದ ಗೋಡೆಗೆ ಹೊಂದಿ ಒಬ್ಬ ಉಸ್ತಾದರ ಚಪ್ಪರ. ಗೋರಿಗೆ ನಿಲ್ಲಿಸುವ ಕಲ್ಲುಗಳ ಮೇಲೆ ಉರ್ದು, ಕನ್ನಡ ಎರಡನ್ನೂ ಒಂದೇ ಉಳಿಯಲ್ಲಿ ಕೆತ್ತುವವರು. ಅವರ ಪಾಠ ವಿಚಿತ್ರ. "ಅಕ್ಷರ ಕಣ್ಣೀಲೆ ನೋಡಬ್ಯಾಡ. ಕಣ್ಣು ಮುಚ್ಚಿ ಬೆರಳೀಲೆ ಓದು" ಎಂದು ಹೇಳಿ, ಒಂದು ಕಲ್ಲಿನ ಮುಂದೆ ನನ್ನನ್ನು ಕೂರಿಸಿ ಊಟಕ್ಕೆ ಹೋದರು.

ಸುಡುವ ಮಧ್ಯಾಹ್ನ. ಸುತ್ತ ನಿಂತ ಕಲ್ಲುಗಳು. ಒಂದು ಹಕ್ಕಿಯ ದನಿಯೂ ಇಲ್ಲ. ನಾನು ಕಣ್ಣು ಮುಚ್ಚಿ ಯಾರದೋ ಹೆಸರಿನ ಒಳಗೆ ಬೆರಳು ಆಡಿಸುತ್ತ ಹೋದೆ. ಹೆಸರು ಮುಗಿಯುವಲ್ಲಿ ನನ್ನ ಬೆರಳು ಇನ್ನೊಂದು ಬೆರಳಿಗೆ ತಾಗಿತು. ತಣ್ಣಗಿತ್ತು.

ಕಣ್ಣು ತೆರೆದರೆ ಬಿಳಿ ಗಡ್ಡ, ಬಿಳಿ ಅಂಗಿ, ಎಲುಬಿನಂಥ ಒಬ್ಬ ಮುದುಕ. "ಅದು ನನ್ನ ಹೆಸರು" ಎಂದ.

ನಾನು ಬೆರಳು ಕಿತ್ತುಕೊಂಡು ಹಿಂದಕ್ಕೆ ಸರಿದೆ.

"ಇಲ್ಲಿ ಒಂದು ಒತ್ತು ತಪ್ಪೈತಿ, ನೋಡು" ಎಂದು ಮತ್ತೆ ಕಲ್ಲು ಮುಟ್ಟಿ ತೋರಿಸಿದ.

"ಸತ್ತಾವರು... ತಿದ್ದಾಕ ಬರ್ತಾರೇನ್ರಿ?" ಎಂದು ಹೇಗೋ ಕೇಳಿದೆ.

"ಸತ್ತ ಮ್ಯಾಲ ನನ್ನ ಮಾತು ಯಾರು ಕೇಳ್ತಾರ? ಅದಕ್ಕ ಜೀವ ಇದ್ದಾಗ ಬಂದೇನಿ."

ಅವರು ಪಿಂಚಣಿ ಪಡೆದ ಸಾಲೆ ಮಾಸ್ತರರು. ಜೀವಮಾನವೆಲ್ಲ ಮಂದಿಯ ಕಾಗುಣಿತ ತಿದ್ದಿದವರು. ತಮ್ಮ ಗೋರಿಯನ್ನು ಬೇರೆಯವರ ಕಾಗುಣಿತಕ್ಕೆ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಉಸ್ತಾದರು ಊಟ ಮುಗಿಸಿ ಬಂದ ಕೂಡಲೇ ಮಾಸ್ತರರು ಇನ್ನೊಂದು ತಕರಾರು ತೆಗೆದರು: "ತೀರಿಕೊಂಡ ತಾರೀಖಿಗೆ ಇಷ್ಟ ಸಣ್ಣ ಜಾಗ ಬಿಟ್ಟೀರಲ್ಲ, ಹಿಡಸ್ತೈತೇನು?"

ಉಸ್ತಾದರು ಬಾಯಿ ಒರೆಸಿಕೊಂಡು ಹೇಳಿದರು: "ತಾರೀಖು ನೀವು ತರ್ರಿ ಮಾಸ್ತರ. ಜಾಗ ನಾ ಮಾಡ್ತೇನಿ."

ಶಿಗ್ಗಾವಿಯ ಮೊಳೆ

"ಒಂದ ಅಕ್ಷರ ಸಾವಿರ ಸಲ ಒಂದ ನಮೂನಿ ಬರೂದು ನೋಡಬೇಕಂದ್ರ ಛಾಪಖಾನೆಗೆ ಹೋಗು" ಎಂದರು ಉಸ್ತಾದರು. ಆಗ ಮಹಾಯುದ್ಧದ ಕಾಲ. ಶಿಗ್ಗಾವಿಯಲ್ಲಿ ಒಂದು ಸಣ್ಣ ಛಾಪಖಾನೆ, ಒಂದೇ ಕಿಟಕಿಯ ಕತ್ತಲೆ ಕೋಣೆ. ಅಲ್ಲಿ ಅಕ್ಷರ ಅಚ್ಚು ಹಾಕುವ ಸೀಸದ ಮೊಳೆ ಜೋಡಿಸುವವರೊಬ್ಬರು. ಮೊಳೆಯ ಮೇಲೆ ಅಕ್ಷರ ತಿರುಗಿ ಇರುತ್ತದಲ್ಲ, ಅದನ್ನೇ ಓದಿ ಓದಿ ಅವರಿಗೆ ನೆಟ್ಟಗಿದ್ದ ಅಕ್ಷರ ಓದುವಾಗ ನಾಲಿಗೆ ತಡವರಿಸುತ್ತಿತ್ತು. ಆದರೆ ಎರಡು ಮಾತಿನ ನಡುವೆ ಎಷ್ಟು ಬಯಲು ಬಿಟ್ಟರೆ ಮಾತಿಗೆ ಉಸಿರು ಬರುತ್ತದೆ ಎಂದು ನನಗೆ ಕಲಿಸಿದವರು ಅವರೇ.

ಒಂದು ಮೋಡದ ದಿನ ಬಂಕಾಪುರದಿಂದ ಒಬ್ಬ ಯಜಮಾನರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಒಳಗೆ ಕಾಲಿಟ್ಟವರೇ ನಿಂತುಬಿಟ್ಟರು. ದಾರದ ಮೇಲೆ ಆಗಷ್ಟೇ ಅಚ್ಚಾದ ಸಾವಿನ ಕಾಗದಗಳು ಒಣಗುತ್ತಿದ್ದವು. 'ಪರಶಿವನಲ್ಲಿ ಐಕ್ಯರಾದರು' ಎಂದು ದಪ್ಪ ಅಕ್ಷರಗಳು ಗಾಳಿಗೆ ಅಲ್ಲಾಡುತ್ತಿದ್ದವು.

"ಇದ ಮೊಳೀಲೆ ನನ್ನ ಮಗಳ ಪತ್ರಿಕೀನೂ ಕೂಡಸ್ತೀರೇನು?"

"ಹೌದ್ರಿ. ಇರೂದ ಒಂದ ಜೊತಿ. ಯುದ್ಧ ಮುಗಿಯೂಮಟ ಹೊಸಾವು ಬರೂದಿಲ್ಲ."

ಅಷ್ಟರಲ್ಲಿ ಮೂಲೆಯ ಮೊಳೆಪೆಟ್ಟಿಗೆಯಿಂದ ಕಿಣ್, ಕಿಣ್ ಎಂದಿತು. ಅಲ್ಲಿ ಯಾರ ಕೈಯೂ ಇರಲಿಲ್ಲ. ಯಜಮಾನರ ಮೈಮೇಲೆ ಮುಳ್ಳು ಎದ್ದವು. "ಕೇಳ್ರಿ, ಅವು ಇನ್ನೂ ಮಾತಾಡಾಕತ್ತಾವು!"

"ಇಲಿ ಅದಾವ್ರಿ."

"ಇಲಿಯಾಗಲಿ, ಏನರ ಆಗಲಿ. ಸತ್ತಾವರ ಕಾಗದಕ್ಕ ಹಚ್ಚಿದ ಅಕ್ಷರ ನನ್ನ ಮಗಳಿಗೆ ಬ್ಯಾಡ. ಅವನ್ನ ಬಿಟ್ಟು ಮಾಡ್ರಿ."

ಮೊಳೆಯವರು ವಾದ ಮಾಡಲಿಲ್ಲ. ದಾರದ ಮೇಲಿನ ಕಾಗದ ನೋಡಿಕೊಂಡು 'ಪ' ಎತ್ತಿ ಬದಿಗಿಟ್ಟರು, 'ರ' ಇಟ್ಟರು, 'ಶಿ' ಇಟ್ಟರು, 'ವ' ಇಟ್ಟರು. ಆಮೇಲೆ ತಲೆ ಎತ್ತಿದರು. "ಆತ್ರಿ, ಬಿಟ್ಟ ಮಾಡ್ತೇನಿ. ಆದ್ರ 'ವ'ನೂ ಹೋತು, 'ರ'ನೂ ಹೋತು. ವರ ಇಲ್ಲದ ಲಗ್ನ ಹ್ಯಾಂಗ ಮಾಡ್ತೀರಿ, ನೀವ ವಿಚಾರ ಮಾಡ್ರಿ."

ಯಜಮಾನರು ಬಹಳ ಹೊತ್ತು ವಿಚಾರ ಮಾಡಿದರು. "ಹಂಗಾರ ಚಿಮಣಿ ಎಣ್ಣಿ ಹಾಕಿ ತೊಳೀರಿ" ಎಂದರು. ಬಾಗಿಲವರೆಗೆ ಹೋಗಿ ತಿರುಗಿ ಬಂದರು. "'ವ', 'ರ' ಎರಡನ್ನ ಮೆಲ್ಲಕ ತಿಕ್ಕ್ರಿ. ಅಳಿಯ ಆಗಾವರು."

ಹಿರೇಕೆರೂರಿನ ಕಡೆಯ ಗುಡಿ

"ಈ ಮೊಳಿಗೆಲ್ಲಾ ಮುತ್ತಜ್ಜ ಅಂದ್ರ ಹಳೇ ಶಾಸನ" ಎಂದು ಮೊಳೆಯವರು ಹೇಳಿದ್ದೇ ತಡ, ನಾನು ಹಿರೇಕೆರೂರಿನ ಕಡೆಗೆ ಹೊರಟೆ. ಅಲ್ಲೊಂದು ಹಳ್ಳಿಯ ಹೊರಗೆ ಪೂಜೆ ನಿಂತುಹೋದ ಗುಡಿ, ಒಳಗೆ ಆಳೆತ್ತರದ ಶಾಸನದ ಕಲ್ಲು. ಕೆತ್ತಿದವನ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಮುತ್ತು ಪೋಣಿಸಿದಂಥ ಆ ದುಂಡು ಅಕ್ಷರ ನೋಡಿ ನಾನು ಚಪ್ಪಲಿ ಕಳಚಿ ಕೈಮುಗಿದೆ.

ಕಲ್ಲಿನ ಪಡಿಯಚ್ಚು ತೆಗೆಯಬೇಕಾದರೆ ಒದ್ದೆ ಕಾಗದ ಹಚ್ಚಿ, ಬ್ರಶ್ಶಿನಿಂದ ಬಡಿದು, ಮೇಲೆ ಕಾಡಿಗೆ ಮಸಿ ಒತ್ತಬೇಕು. ಆ ಕೆಲಸದಲ್ಲಿ ನನ್ನ ಮುಖ, ಕೈ, ಕಾಲು ಎಲ್ಲ ಮಸಿಯಾದವು. ಮತ್ತೊಂದು ಬಿಳಿ ಕಾಗದ ಹಚ್ಚಿ, ಬಿದ್ದ ಬ್ರಶ್ ಹುಡುಕಲು ಕಲ್ಲಿನ ಹಿಂದೆ ಬಗ್ಗಿದ್ದೆ. ಆಗಲೇ ಆಡು ಹುಡುಕುತ್ತ ಒಬ್ಬ ರೈತ ಬಾಗಿಲಲ್ಲಿ ಇಣುಕಿದ. ಅದೇ ಗಳಿಗೆಗೆ ಒದ್ದೆ ಕಾಗದ ಮೇಲಿನಿಂದ ಸಡಿಲವಾಗಿ, ತಲೆ ಬಾಗಿಸಿದ ಹೆಂಗಸಿನ ಹಾಗೆ ಮುಂದಕ್ಕೆ ಬಾಗಿತು. ಅದರ ಹಿಂದಿನಿಂದ ಕರಿಯ ಮುಖದ ನಾನು ಎದ್ದು ನಿಂತೆ.

ಅವನು ಹಾಕಿದ ಚೀರು ಇನ್ನೂ ನನ್ನ ಕಿವಿಯಲ್ಲಿದೆ. ನೀರು ಕುಡಿಯುವಷ್ಟರಲ್ಲಿ ಊರೇ ಬಾಗಿಲಲ್ಲಿ ನಿಂತಿತ್ತು, ಕೈಯಲ್ಲಿ ಕೋಲು, ಕಲ್ಲು. ಹೊರಗೆ ಹೋಗಲು ಬೇರೆ ದಾರಿ ಇಲ್ಲ.

"ನಾನೂ ಮನುಷ್ಯಾನರಿ!" ಎಂದು ಕೂಗಿದೆ.

"ಎಲ್ಲಾ ದೆವ್ವನೂ ಹಂಗ ಅಂತಾವು" ಎಂದ ಆಡಿನವನು. ಒಂದು ಕಲ್ಲು ಕಿವಿ ಸವರಿಕೊಂಡೇ ಹೋಯಿತು. ನಮ್ಮ ಅಪ್ಪನ ಹೊಲ ಆ ಕ್ಷಣದಲ್ಲಿ ನನಗೆ ಸ್ವರ್ಗವಾಗಿ ಕಂಡಿತು.

ಆಗ ಮಂದಿಯನ್ನು ಸರಿಸಿಕೊಂಡು ಒಬ್ಬ ಅಜ್ಜಿ ಮುಂದೆ ಬಂದಳು. "ತಡೀರಿ, ಹೊಡೀಬ್ಯಾಡ್ರಿ. ಮೊದಲು ಪರೀಕ್ಷಾ ಮಾಡೂಣು." ನನ್ನ ಕಡೆ ಕೋಲು ಚಾಚಿದಳು. "ಏ, ಆ ಕಲ್ಲಿನ ಮ್ಯಾಲ ಏನು ಬರದೈತಿ? ಓದು."

ಓದಿದರೆ ಬದುಕಿದೆ ಎಂದುಕೊಂಡೆ. ಬೆವರು ಒರೆಸಿ ಕಲ್ಲಿಗೆ ಮುಖ ಹಚ್ಚಿದೆ. ಅಲ್ಲೊಂದು 'ಗ' ಇದ್ದ ಹಾಗಿತ್ತು, ಇಲ್ಲೊಂದು 'ನ' ಇದ್ದ ಹಾಗಿತ್ತು. ಮಿಕ್ಕಿದ್ದೆಲ್ಲ ಮುತ್ತಿನ ಸಾಲು, ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ಅಳುವ ದನಿಯಲ್ಲಿ ಹೇಳಿದೆ: "ಇಲ್ಲಬೇ ಯವ್ವಾ. ನಾ ಅಕ್ಷರದ ಚಂದ ನೋಡಾಕ ಬಂದು ಮುಂಜಾನಿಂದ ಇಲ್ಲೇ ಕುಂತೇನಿ. ನನಗ ಓದಾಕ ಬರೂದಿಲ್ಲ."



ಅಜ್ಜಿ ಮಂದಿಯ ಕಡೆ ತಿರುಗಿದಳು. "ಕೋಲು ಇಳಸ್ರೋ. ಈ ಗುಡಿ ದೆವ್ವ ಆಗಿದ್ರ ಆ ಕಾಲದ ಬರಹ ಗಡಗಡ ಓದ್ತಿತ್ತು. ಮುಂಜಾನಿಂದ ಅಕ್ಷರದ ಮುಂದ ಕುಂತೂ ಒಂದು ಸಾಲು ಓದಾಕ ಬರೂದಿಲ್ಲ ಅಂದ್ರ, ಇಂವ ಸಾಲಿ ಕಲ್ತ ಮನುಷ್ಯಾನ!"