ನಮ್ಮೂರ ಮಕ್ಕಳಿಗೆ ನೌಕರಿ ಕೊಡಲು ಹೋಗಿ

ಕಾಲೇಜು ಮುಗಿಸಿದ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಆರಿಸುವುದು ನನ್ನ ಹೊಟ್ಟೆಪಾಡು. ರಾಣೆಬೆನ್ನೂರಿನ ಒಂದು ಬಿತ್ತನೆ ಬೀಜದ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಪ್ರತಿ ವರ್ಷ ಸುತ್ತಲಿನ ಕಾಲೇಜುಗಳಿಗೆ ಹೊರಡುವಾಗ, ಈ ಸಲವಾದರೂ ಸುಮ್ಮನೆ ಹೋಗಿ ಸುಮ್ಮನೆ ಬರಬೇಕು ಅಂದುಕೊಳ್ಳುತ್ತೇನೆ. ಆದರೆ ಪರೀಕ್ಷೆ ಮಾಡಲು ಹೋದ ನಾವೇ ಪರೀಕ್ಷೆಗೆ ಕೂತು ಬರುವಂಥ ಏನಾದರೊಂದು ಆಗಿಯೇ ತೀರುತ್ತದೆ. ಹೋದ ವರ್ಷವಂತೂ ಒಂದರ ಹಿಂದೆ ಒಂದು.

ಮೂರು ತಾಲ್ಲೂಕು

ಹೆಡ್ ಆಫೀಸಿನಿಂದ ಒಂದು ಪತ್ರ ಬಂತು. ಈ ಸಲ ಹೊಸಬರಲ್ಲಿ 'ಡೈವರ್ಸಿಟಿ' ಕಾಣಬೇಕು ಎಂದು. ನಮ್ಮ ಮ್ಯಾನೇಜರ್ ಸಾಹೇಬರು ಒಳ್ಳೆಯವರು, ಆದರೆ ಹೊಸ ಮಾತು ಕೇಳಿದರೆ ಅವರಿಗೆ ತಲೆನೋವು. ನನ್ನನ್ನು ಕರೆದರು.

"ಏನ್ರಿ ಮೇಡಂ ಇದು?"

"ಎಲ್ಲಾ ತರದ ಮಂದಿ ಇರಬೇಕಂತ್ರಿ ಸರ್."

ಸಾಹೇಬರು ಸ್ವಲ್ಪ ಯೋಚಿಸಿದರು. "ಹಂಗಾರ ಹಿಂಗ ಮಾಡೂಣು. ಒಬ್ಬಾಂವ ಹಾವೇರಿಯಾಂವ, ಒಬ್ಬಾಂವ ರಾಣೆಬೆನ್ನೂರಾಂವ, ಒಬ್ಬಾಂವ ಬ್ಯಾಡಗಿಯಾಂವ. ಮೂರು ತಾಲ್ಲೂಕು ಆತಲ್ರಿ?"

"ಮೂರೂ ಮಂದಿ ಗಂಡಸರ ಆದ್ರಲ್ರಿ. ವರ್ಷಾ ವರ್ಷ ತಗೊಳ್ಳೂವಂಗ ಮೂರೂ ಮಂದಿ ಇಂಗ್ಲಿಷ್ ಸಾಲಿಯವರು, ಮೂರೂ ಮಂದಿ ಬೈಕ್ ಇದ್ದವರು. ಬ್ಯಾರೆ ಬ್ಯಾರೆ ಎಲ್ಲಿ ಆತ್ರಿ?"

ಸಾಹೇಬರು ಫ್ಯಾನು ನೋಡುತ್ತಾ ಹೇಳಿದರು: "ಒಬ್ಬಾಂವಂದು ಕೆಂಪು ಬೈಕ್ ಇರಲಿ ತಗೋರಿ."

ವೀಕ್‌ನೆಸ್

ಈ ಸಲ ಪಟ್ಟಿ ನನ್ನದೇ ಎಂದು ಆವತ್ತೇ ಹಟ ತೊಟ್ಟೆ. ಅದರ ವಾಸನೆ ಹತ್ತಿತೋ ಏನೋ, ನನ್ನ ಪಕ್ಕ ಕೂರಲು ಹೆಡ್ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಬೆಂಗಳೂರು ಕಡೆಯವರು. ಕನ್ನಡ ಚೆನ್ನಾಗಿ ಬರುತ್ತಿತ್ತು, ಇಂಟರ್‌ವ್ಯೂಗೆ ಕೂತಾಗ ಮಾತ್ರ ಬರುತ್ತಿರಲಿಲ್ಲ.

ಹಾವೇರಿಯ ಕಾಲೇಜಿನಲ್ಲಿ ಬಂದವರಿಗೆಲ್ಲ ಅವರದು ಒಂದೇ ಪ್ರಶ್ನೆ: "ವಾಟ್ ಈಸ್ ಯುವರ್ ವೀಕ್‌ನೆಸ್?" ಬಂದವರೆಲ್ಲರದೂ ಒಂದೇ ಉತ್ತರ. ತಾವು ವಿಪರೀತ ಕೆಲಸ ಮಾಡುತ್ತೇವೆ, ಕೆಲಸ ಮುಗಿಯದೆ ನಿದ್ದೆಯೇ ಬರುವುದಿಲ್ಲ, ಅದೇ ತಮ್ಮ ವೀಕ್‌ನೆಸ್ ಎಂದು ಗಿಳಿಗಳ ಹಾಗೆ ಒಪ್ಪಿಸಿ ಹೋದರು. ಕರ್ಜಗಿಯಿಂದ ಬಸ್ಸಿಗೆ ಬಂದಿದ್ದ ಒಬ್ಬ ಹುಡುಗಿ ಮಾತ್ರ ಪ್ರಶ್ನೆ ಕೇಳಿ ನನ್ನ ಮುಖ ನೋಡಿದಳು, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು:

"ರಕ್ತ ಕಡಿಮಿ ಐತ್ರಿ ಸರ್. ಗುಳಿಗಿ ತಗೊಳ್ಳಾಕತ್ತೇನ್ರಿ. ಆದ್ರ ಹೊಲದಾಗ ಇಡೀ ದಿನ ನಿಂದರತೇನಿ, ಅದರ ಚಿಂತಿ ಮಾಡಬ್ಯಾಡ್ರಿ."

ಅಧಿಕಾರಿಗಳ ಪೆನ್ನು ಅವಳ ಹೆಸರಿನ ಮೇಲೆ ಅಡ್ಡಗೆರೆ ಎಳೆಯಲು ಹೊರಟಿತ್ತು. ನಾನು ಹಾಳೆಯ ಮೇಲೆ ಕೈ ಇಟ್ಟೆ.

"ಸರ್, ಮುಂಜಾನಿಯಿಂದ ಖರೇ ಹೇಳಿದಾಕಿ ಇಕಿ ಒಬ್ಬಾಕಿ. ಬೀಜ ಮೊಳಕಿ ಒಡೀಲಿಲ್ಲಂದ್ರ ಒಡದಿಲ್ಲಂತ ಬರಿಯೋರು ಬೇಕು ನಮಗ. ಗೆರಿ ಎಳೀಬ್ಯಾಡ್ರಿ."

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಾ ಕೂತೆವು. ಹುಡುಗಿಗೆ ಪಾಪ ಅನ್ನಿಸಿರಬೇಕು. "ಸರ್, ನಿಮಗೇನ್ರಿ ವೀಕ್‌ನೆಸ್?" ಅಂತ ಕಾಳಜಿಯಿಂದ ಕೇಳಿದಳು.

ಬೆಳಗಿನಿಂದ ಬಾರದ ಕನ್ನಡ ಆಗ ಬಂತು: "ಸ್ವಲ್ಪ ಶುಗರ್ ಇದೆ ಕಣಮ್ಮ."

ಎರಡನೇ ಮಾಳಿಗೆ

ರಾಣೆಬೆನ್ನೂರಿನ ಕಾಲೇಜಿನಲ್ಲಿ ನಮ್ಮನ್ನು ಎರಡನೇ ಮಾಳಿಗೆಯಲ್ಲಿ ಕೂರಿಸಿದ್ದರು. ಒಬ್ಬ ಹುಡುಗನ ಹೆಸರು ಮೂರು ಸಲ ಕೂಗಿದರೂ ಬರಲಿಲ್ಲ. ಆಮೇಲೆ ಫೋನ್ ಬಂತು.

"ಮೇಡಂ, ನಾನು ಮೇಡ್ಲೇರಿಯಾಂವ್ರಿ. ಕೆಳಗ ಅದೇನಿ. ನನ್ನ ಕಾಲು ನಡಿಯೂದಿಲ್ರಿ, ಮೂರು ಗಾಲಿ ಗಾಡಿ ಮ್ಯಾಲೆ ಬಂದೇನಿ. ಇಲ್ಲಿ ಮ್ಯಾಲೆ ಹತ್ತಾಕ ಬರೇ ಪಾವಟಿಗಿ ಅದಾವು."

"ಹುಡುಗ್ರಿಗೆ ಹೇಳ್ತೇನಪಾ, ಎತ್ತಿಕೊಂಡು ಬರತಾರ."

"ಬ್ಯಾಡ್ರಿ. ನಾನೇನು ಜೋಳದ ಚೀಲ ಅಲ್ರಿ. ನೀವಾ ಕೆಳಗ ಬರ್ರಿ."

ಒಂದು ಕ್ಷಣ ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಮರುಕ್ಷಣ ಅವನು ಹೇಳಿದ್ದು ಸರಿ ಅನ್ನಿಸಿತು. "ಒಬ್ಬನಿಗೋಸ್ಕರ ಎಲ್ಲರೂ ಇಳಿಯಬೇಕಾ?" ಎಂದರು ಅಧಿಕಾರಿಗಳು. ಕಾಲಿದ್ದವರು ಇಳಿಯಬಹುದು ಎಂದು ನಾನು ಕುರ್ಚಿ ಎತ್ತಿಕೊಂಡು ಹೊರಟೆ. ನನ್ನ ಹಿಂದೆ ಟೇಬಲ್ಲು ಇಳಿಯಿತು, ಸಾಲಿನಲ್ಲಿದ್ದ ಮಕ್ಕಳೆಲ್ಲ ಇಳಿದರು, ಪ್ರಿನ್ಸಿಪಾಲರು ಇಳಿದರು, ಚಹಾದ ಕೆಟಲ್ ಕೂಡ ಇಳಿಯಿತು. ಮೇಲೆ ಒಬ್ಬರೇ ಉಳಿದ ಅಧಿಕಾರಿಗಳು ಚಹಾದ ಹಿಂದೆ ಇಳಿದುಬಂದರು.

ಬೇವಿನ ಗಿಡದ ನೆರಳಲ್ಲಿ ಇಂಟರ್‌ವ್ಯೂ ನಡೆಯಿತು. ಲೆಕ್ಕ, ಕಂಪ್ಯೂಟರು, ಏನು ಕೇಳಿದರೂ ಹುಡುಗ ಚುರುಕು. ಅಧಿಕಾರಿಗಳೇ ಖುಷಿಯಾಗಿ, "ಯು ಆರ್ ಸೆಲೆಕ್ಟೆಡ್" ಅಂದುಬಿಟ್ಟರು.

ಹುಡುಗ ಕೈಕಟ್ಟಿ ಕೂತ. "ಅದಿರಲಿ ಸರ್, ನಿಮ್ಮ ಆಫೀಸ್ ಎಷ್ಟನೇ ಮಾಳಿಗಿ ಮ್ಯಾಲೈತ್ರಿ?"

"ಕೆಳಗಾ ಐತಪಾ," ಅಂದೆ.

"ಬಾಗಲಾಗ ಪಾವಟಿಗಿ?"

"ಮೂರು."

"ಹಂಗಾರ ಅವನ್ನ ತಗಸ್ರಿ. ಆಮ್ಯಾಲೆ ನಿಮ್ಮ ಬಗ್ಗೆ ವಿಚಾರ ಮಾಡ್ತೇನಿ."

ತೆಗೆಸಿದೆವು. ಅವನು ಹದಿನೈದು ದಿನ ವಿಚಾರ ಮಾಡಿಯೇ ಬಂದ.

ಕಂಪನಿ ನೋಡುವ ಶಾಸ್ತ್ರ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ಹುಡುಗಿಯೊಬ್ಬಳನ್ನು ಆರಿಸಿದ್ದೆ. ಕೆಲಸಕ್ಕೆ ಸೇರುವ ದಿನ ಅವಳ ಜೊತೆ ಅಪ್ಪ, ಅವ್ವ, ಕಾಕಾ, ಇವರೆಲ್ಲರ ಮುಂದೆ ಅಜ್ಜಿ. ಮ್ಯಾನೇಜರ್ ಸಾಹೇಬರು ಗಾಬರಿಯಾಗಿ ಎದ್ದು ನಿಂತರು.

"ಕುಂದ್ರಿ ಕುಂದ್ರಿ," ಎಂದು ಅಜ್ಜಿಯೇ ಅವರನ್ನು ಅವರ ಕುರ್ಚಿಯಲ್ಲಿ ಕೂರಿಸಿದಳು. "ಹುಡುಗೀನ ನೀವು ನೋಡೀರಿ. ಕಂಪನೀನ ನಾವು ನೋಡಬ್ಯಾಡೇನು?"

ಅಜ್ಜಿ ಗೋದಾಮು ನೋಡಿದಳು, ಲ್ಯಾಬು ನೋಡಿದಳು, ಕುಡಿಯುವ ನೀರನ್ನು ಬಾಯಿಗೆ ಹಾಕಿಕೊಂಡು ನೋಡಿದಳು. ಕೊನೆಗೆ ಹೆಂಗಸರ ಪಾಯಖಾನೆಗೆ ಹೋದವಳು ಹಾಗೇ ತಿರುಗಿ ಬಂದಳು.

"ಚಿಲಕ ಇಲ್ಲ."

"ಹಾಕಸ್ತೇವ್ರಿ ಅಜ್ಜಿ," ಎಂದರು ಸಾಹೇಬರು.

"ಯಾವಾಗ?"

"ಮುಂದಿನ ತಿಂಗಳ..."

"ಮುಂದಿನ ತಿಂಗಳ ತನಕಾ ನಮ್ಮ ಹುಡುಗಿ ಏನು ಮಾಡಬೇಕಪಾ? ನೀ ಹೋಗಿ ಬಾಗಲಾ ಹಿಡಕೊಂಡು ನಿಂದರತೀ ಏನು?"

ಆ ಚಿಲಕಕ್ಕಾಗಿ ನಾನು ನಾಲ್ಕು ವರ್ಷದಿಂದ ಅರ್ಜಿ ಬರೆಯುತ್ತಿದ್ದೆ. ಸಾಹೇಬರು ಇಪ್ಪತ್ತು ನಿಮಿಷದಲ್ಲಿ ಬಡಿಗನನ್ನು ಕರೆಸಿದರು. ಅಜ್ಜಿ ಒಳಗೆ ಹೋಗಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ ಒಪ್ಪಿಗೆ ಕೊಟ್ಟಳು.

ಹೊರಡುವಾಗ ಅವಳ ಕೈ ಹಿಡಿದು ಕೇಳಿಕೊಂಡೆ: "ಅಜ್ಜಿ, ಮುಂದಿನ ವಾರ ಒಮ್ಮೆ ಬರ್ರಿ. ಪಗಾರದ ವಿಷಯ ಮಾತಾಡೋದೈತಿ."

ಹಲಗೇರಿಯ ಕನ್ಯೆ

ಆರಿಸುವುದಾದರೂ ಸುಲಭ, ಆರಿಸಿದವರನ್ನು ಉಳಿಸಿಕೊಳ್ಳುವುದು ಕಷ್ಟ. ಎರಡು ವರ್ಷದಿಂದ ನಮ್ಮ ಲ್ಯಾಬಿನಲ್ಲಿದ್ದ ಹುಡುಗನೊಬ್ಬ ರಾಜೀನಾಮೆ ತಂದ. ಯಾಕೆಂದು ಕೇಳಿದೆ.

"ಪ್ರೈವೇಟ್ ನೌಕರಿ ಅಂದ್ರ ಯಾರೂ ಕನ್ಯಾ ಕೊಡವಲ್ರು ಮೇಡಂ. ಮೂರು ಕಡೆ ಆತು. ಅಂಗಡಿ ಹಾಕ್ತೇನ್ರಿ."

ನನಗೆ ಸಿಟ್ಟು ಬಂತು. ನಮ್ಮ ನೌಕರಿ ಏನು ಕಳ್ಳತನವೇ? "ಮುಂದಿನ ಕನ್ಯಾ ನೋಡಾಕ ನಾನೂ ಬರತೇನಿ, ನಡಿ," ಅಂದೆ.

ಹಲಗೇರಿಯ ಒಂದು ಮನೆಗೆ ಹುಡುಗ, ಅವನ ತಾಯಿ, ನಾನು ಹೋದೆವು. ಉಪ್ಪಿಟ್ಟು ಬಂತು. ಹುಡುಗಿಯ ಅಪ್ಪ ಅದೇ ರಾಗ ತೆಗೆದರು: "ಪ್ರೈವೇಟ್ ಅಂದ್ರ ಇವತ್ತೈತಿ, ನಾಳೆ ಇಲ್ಲ ನೋಡ್ರಿ." ನಾನು ಸೆರಗು ಸಿಕ್ಕಿಸಿ ಶುರು ಮಾಡಿದೆ. ಪಿಎಫ್ ಅಂದೆ, ದವಾಖಾನೆ ಖರ್ಚು ಅಂದೆ, ಬಾಣಂತನದ ರಜೆ, ಹೆಂಗಸರಿಗೆ ಬೇರೆ ವ್ಯಾನು. ಅರ್ಧ ತಾಸು ನಿಲ್ಲಿಸಲಿಲ್ಲ. ಚಹಾ ತಂದ ಹುಡುಗಿ ನಿಂತಲ್ಲೇ ನಿಂತು ಕೇಳಿದಳು, ಆಮೇಲೆ ಸರ್ರನೆ ಒಳಗೆ ಹೋದಳು. "ನಾಚಿಕೊಂಡ್ಲು," ಎಂದು ಹುಡುಗನ ತಾಯಿ ಖುಷಿಪಟ್ಟರು.

ಹುಡುಗಿ ಹೊರಗೆ ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ನನ್ನ ಮುಂದೆ ಇಟ್ಟಳು. "ಬಿ.ಎಸ್ಸಿ. ಆಗೇತ್ರಿ. ಮಾರ್ಕ್ಸ್ ಕಾರ್ಡ್ ಅದಾವು ನೋಡ್ರಿ."

ನೋಡಿದೆ. ಬಂದ ಕೆಲಸ ಮರೆತೇಹೋಯಿತು. ಬೀಜದ ಬಗ್ಗೆ ಒಂದು ಪ್ರಶ್ನೆ ಕೇಳಿದೆ, ಹೇಳಿದಳು. ಇನ್ನೊಂದು ಕೇಳಿದೆ. ನಮ್ಮ ಹುಡುಗ ಮಧ್ಯೆ ಬಾಯಿ ಹಾಕಿದ, ಅವನದು ತಪ್ಪೆಂದು ಅವನಿಗೇ ತಿದ್ದಿ ಹೇಳಿದಳು.

"ಸೋಮವಾರ ಬಂದು ಪರೀಕ್ಷಾ ಬರಿಯವಾ," ಅಂದೆ.

ಅವಳ ಅಪ್ಪ ಕಂಗಾಲು. "ಅಲ್ಲವಾ, ಹುಡುಗ ಪಸಂದ್ ಬಂದ್ನೋ ಇಲ್ಲೋ?"

"ನೌಕರಿ ಪಸಂದ್ ಬಂತಪಾ," ಎಂದಳು ಹುಡುಗಿ. "ಹುಡುಗ ಬ್ಯಾಡ."

ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ತಿರುಗಿ ಬರುವಾಗ ಕಾರಿನಲ್ಲಿ ನಾನು ಕಿಟಕಿಯ ಹೊರಗೇ ನೋಡುತ್ತಾ ಕೂತೆ. ಹುಡುಗನ ಮುಖ ನೋಡುವ ಧೈರ್ಯವಿರಲಿಲ್ಲ. ರಾಣೆಬೆನ್ನೂರು ಹತ್ತಿರ ಬಂದಾಗ ಅವನೇ ಕೈ ಚಾಚಿದ.

"ಮೇಡಂ, ನನ್ನ ರಾಜೀನಾಮೆ ವಾಪಸ್ ಕೊಡ್ರಿ."

"ಯಾಕೋ ತಮ್ಮಾ?"

"ನನ್ನಂಥಾ ಹುಡುಗನ್ನ ಬಿಟ್ಟು ಕಂಪನೀನ ಪಸಂದ್ ಮಾಡ್ಯಾಳಂದ್ರ, ಕಂಪನಿಯಾಗ ಏನೋ ಐತ್ರಿ. ನಾ ಬಿಡಾಂವಲ್ಲ!"