ನಮ್ಮ ಸೀಲಿಂಗಿನ ಹದಿನಾಲ್ಕು ತೂತುಗಳು

ನನ್ನ ಅಜ್ಜ ಉಡುಪಿ ಕಡೆಯ ನಮ್ಮ ಊರಿನ ಶಾಲೆಗೆ ಮೊದಲ ಹೆಡ್‌ಮಾಸ್ಟರರು. ತಂದೆ ಸರ್ವೆ ಇಲಾಖೆಯಲ್ಲಿದ್ದರು; ಅವರು ಸರಪಳಿ ಹಿಡಿದು ಗುರುತಿಸಿದ ಗಡಿಯ ಮೇಲೆ ಯಾರೂ ತಕರಾರು ಎತ್ತಿದ್ದಿಲ್ಲ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು. ಅಲ್ಲಿ ಸಿಸ್ಟರ್ ಪ್ರತಿ ಸೋಮವಾರ ನಮ್ಮ ಲಂಗದ ಅಂಚನ್ನು ಸ್ಕೇಲ್ ಹಿಡಿದು ಅಳೆಯುತ್ತಿದ್ದರು. ನನ್ನದು ಒಂದು ದಿನವೂ ಹೆಚ್ಚುಕಡಿಮೆ ಬಂದದ್ದಿಲ್ಲ.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನನಗೆ ಅಳತೆ ತಿಳಿಯುವುದಿಲ್ಲ ಎಂದು ಈಗ ದುಬೈಯಿಂದ ಅಬುಧಾಬಿಯವರೆಗೆ ನಮ್ಮವರೆಲ್ಲ ಮಾತಾಡಿಕೊಳ್ಳುತ್ತಿದ್ದಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುವುದು ಅಗತ್ಯ. ಎಷ್ಟೇ ಶಿಸ್ತಿನ ಮನೆಯಿರಲಿ, ಒಳಗೆ ಒಂದು ಏಣಿ ಬಂತೆಂದರೆ ಇಂಥವು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ.

ದೇರಾದ ಅಂಗಡಿ

ದುಬೈಯಲ್ಲಿ ನಾವು ಸ್ವಂತ ಫ್ಲ್ಯಾಟ್ ಕೊಂಡ ವರ್ಷ, ಹಾಲ್‌ನ ಟ್ಯೂಬ್‌ಲೈಟ್ ತೆಗೆಸಿ ಸೀಲಿಂಗಿನೊಳಗೆ ಕೂರುವ ಉರುಟು ಲೈಟುಗಳನ್ನು ಹಾಕಿಸುವುದೆಂದು ನಿರ್ಧರಿಸಿದೆ. ನಮ್ಮ ಭಜನಾ ಮಂಡಳಿ ಅದೇ ತಿಂಗಳ ಕೊನೆಯ ಶುಕ್ರವಾರ ಮೊದಲ ಸಲ ನಮ್ಮ ಮನೆಗೆ ಬರುವುದಿತ್ತು. ಅಷ್ಟರೊಳಗೆ ಕೆಲಸ ಮುಗಿಯಬೇಕು.

ದೇರಾ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಯಜಮಾನರನ್ನೂ ಕರೆದುಕೊಂಡು ಹೋದೆ. ಅಂಗಡಿಯವರು ನಮ್ಮ ಕಡೆಯ ಬ್ಯಾರಿ, ಸಮಾಧಾನದ ಮನುಷ್ಯ. ಮೂರು ಉಪಕರಣ ತಂದು ಮೇಜಿನ ಮೇಲಿಟ್ಟರು. ಒಂದು, ಡ್ರಿಲ್ಲಿಗೆ ಸಿಕ್ಕಿಸುವ ಉರುಟು ಗರಗಸ. ಇನ್ನೊಂದು, ಎರಡು ಕೈಯಿರುವ ಕಟರ್. ಕೈಗಳನ್ನು ಹಿಂದೆ ಮುಂದೆ ಸರಿಸಿದರೆ ತೂತು ದೊಡ್ಡದು ಸಣ್ಣದು ಮಾಡಬಹುದು. ಮೂರನೆಯದು ಚೂರಿಯಂಥ ಕೈಗರಗಸ. ನಾನು ಪೆಟ್ಟಿಗೆಯಿಂದ ಲೈಟ್ ತೆಗೆಸಿ, ಪರ್ಸಿನಲ್ಲಿದ್ದ ಟೇಪಿನಿಂದ ಅಳೆದೆ. ಕೆಳಗೆ ಕಾಣುವ ಅಂಚು ಐದು ಇಂಚು, ಒಳಗೆ ಹೋಗುವ ಭಾಗ ನಾಲ್ಕು. ತೂತು ನಾಲ್ಕೇ ಇರಬೇಕು. ಅಂಚು ಸೀಲಿಂಗಿಗೆ ಆತು ನಿಲ್ಲಬೇಕಲ್ಲ.

"ನಾಲ್ಕು ಇಂಚಿನ ಉರುಟು ಗರಗಸ ಕೊಡಿ. ಕೈ ಸರಿಯುವ ಉಪಕರಣ ನನಗೆ ಬೇಡ. ಸರಿಯುವುದು ಅಂದರೆ ತಪ್ಪಲಿಕ್ಕೆ ಜಾಗ ಇಟ್ಟ ಹಾಗೆ."

ಅಂಗಡಿಯವರು ಕೇಳಿದರು, "ಅಕ್ಕ ಶಾಲೆಯಲ್ಲಿ ಟೀಚರಾ?"

"ಅಲ್ಲ."

"ಮತ್ತೆ ಸಾರ್ ಯಾಕೆ ಕೈಕಟ್ಟಿ ನಿಂತಿದ್ದಾರೆ?"

ಕೊಡೆ

ಯಜಮಾನರ ತಮ್ಮ, ಅಂದರೆ ನನ್ನ ಮೈದುನ, ಅಬುಧಾಬಿ ಪಕ್ಕದ ಬನಿಯಾಸ್‌ನಲ್ಲಿದ್ದಾನೆ. ಕಟ್ಟಡ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಸ್ಟೋರಿನಲ್ಲಿರುವ ಉಪಕರಣಗಳನ್ನೆಲ್ಲ ಕೊಟ್ಟು ತೆಗೆದುಕೊಂಡು, ಅವೆಲ್ಲ ತನಗೆ ಬಳಸಲಿಕ್ಕೂ ಬರುತ್ತವೆ ಎಂದುಕೊಂಡಿದ್ದಾನೆ. "ಹೊರಗಿನವರಿಗೆ ಯಾಕೆ ಅತ್ತಿಗೆ, ನಾನಿಲ್ವಾ?" ಎಂದು ಆ ಕೈ ಸರಿಯುವ ಕಟರನ್ನೇ ಹಿಡಿದುಕೊಂಡು ಬಂದ.

ನಾನು ನನ್ನ ಗರಗಸ ತೋರಿಸಿದೆ. ಅವನು ನಕ್ಕ. "ಇದರಲ್ಲಿ ಒಂದೇ ಅಳತೆ. ನನ್ನದರಲ್ಲಿ ಬೇಕಾದ ಅಳತೆ."

"ನಮಗೆ ಬೇಕಾದದ್ದೂ ಒಂದೇ ಅಳತೆ" ಎಂದೆ. ವಾದ ಬೆಳೆಸಲಿಲ್ಲ. 'ತೂತು: ನಾಲ್ಕು ಇಂಚು' ಎಂದು ಚೀಟಿಯಲ್ಲಿ ಬರೆದು, ಅಡಿಗೆರೆ ಎಳೆದು ಅವನ ಕೈಗೆ ಕೊಟ್ಟೆ.

"ಆಯ್ತು ಅತ್ತಿಗೆ. ಯಲ್ಲಾ, ಶುರು ಮಾಡುವ. ಅಣ್ಣ, ಏಣಿ ಹಿಡಿ."

ಸೀಲಿಂಗಿನ ಜಿಪ್ಸಮ್ ಪುಡಿ ಸೋಫಾದ ಮೇಲೆ ಬೀಳದಿರಲು ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಊರಿನಿಂದ ತಂದ ಕೊಡೆ ಹನ್ನೆರಡು ವರ್ಷದಿಂದ ಬಿಚ್ಚದೆ ಕಪಾಟಿನಲ್ಲಿತ್ತು. ಅದನ್ನು ಬಿಚ್ಚಿ, ತಲೆಕೆಳಗು ಮಾಡಿ, ಕುರ್ಚಿ ಹತ್ತಿ ಮೊದಲನೆಯ ತೂತಿನ ಕೆಳಗೆ ಹಿಡಿದರು. ಪುಡಿಯೆಲ್ಲ ಚೆನ್ನಾಗಿ ಕೊಡೆಯೊಳಗೆ ಬಿತ್ತು. ಸೋಫಾದ ಮೇಲೆ ಒಂದು ಕಾಳಿಲ್ಲ. ಮದುವೆಯಾದ ಮೇಲೆ ಅವರನ್ನು ಮನಸಾರೆ ಹೊಗಳಿದ್ದು ಅದು ಎರಡನೆಯ ಸಲವಿರಬೇಕು.

ಹೊಗಳಿಕೆ ಕೇಳಿ ಅವರು ಸಂತೋಷದಿಂದ ಇಳಿದರು, ನನ್ನ ಪಕ್ಕದಲ್ಲೇ ನಿಂತು ಕೊಡೆಯನ್ನು ಸರಿಯಾಗಿ ತಿರುಗಿಸಿ ಎತ್ತಿ ಹಿಡಿದರು, ಮಡಚಿದರು.

ಮುಕ್ಕಾಲು ಗಂಟೆ

ನಾನು ತಲೆಸ್ನಾನಕ್ಕೆ ಹೋಗಬೇಕಾಯಿತು. ಕೂದಲಿನ ಪುಡಿ ಹೋಗಲಿಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಂದು ನೋಡಿದರೆ ಹದಿನಾಲ್ಕು ತೂತೂ ಆಗಿದ್ದವು.

"ಒಂದಕ್ಕೆ ಲೈಟ್ ಹಾಕಿ ನೋಡಿದೆಯಾ?"

"ಒಂದೊಂದನ್ನೇ ಹಾಕಿ ನೋಡ್ತಾ ಕೂತರೆ ಊಟ ತಡ ಆಗ್ತದೆ, ಅತ್ತಿಗೆ" ಎನ್ನುತ್ತ ಮೈದುನ ಮೊದಲನೆಯ ಲೈಟನ್ನು ಒತ್ತಿದ. ಸ್ಪ್ರಿಂಗ್ ಟಪ್ ಎಂದಿತು. ಲೈಟ್ ಕಾಣಲಿಲ್ಲ.

"ಲೈಟ್ ಎಲ್ಲಿ?"

"ಹೋಯ್ತು."

"ಎಲ್ಲಿಗೆ ಹೋಯ್ತು?"

"ಮೇಲೆ."

ಏಣಿ ಹಿಡಿದಿದ್ದ ಯಜಮಾನರು, "ಸ್ವಲ್ಪ ಕಾಯುವ, ಬರಬಹುದು" ಎಂದರು.

ನಾನು ಟೇಪ್ ತಂದು ಏಣಿ ಹತ್ತಿದೆ. ಐದು ಇಂಚು. ಅವನು ಲೈಟಿನ ಅಂಚನ್ನು ಕಟರಿನ ಮೇಲಿಟ್ಟು, ಅದಕ್ಕೆ ಸರಿಯಾಗಿ ಕೈಗಳನ್ನು ಸರಿಸಿಕೊಂಡಿದ್ದ. ನಾನು ಬರೆದುಕೊಟ್ಟ ಚೀಟಿ ಎಲ್ಲಿ ಎಂದು ಕೇಳಿದೆ. ಅಣ್ಣ ತಮ್ಮ ಇಬ್ಬರೂ ಕೆಳಗೆ ನೋಡಿದರು. ನಾನು ನಿಂತಿದ್ದ ಏಣಿಯ ಒಂದು ಕಾಲು ಅಲುಗುತ್ತದೆಂದು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಡಿಗಿಟ್ಟಿದ್ದರು.

"ಈಗ ಅಲುಗುವುದಿಲ್ಲ, ಅಲ್ವಾ ಅತ್ತಿಗೆ?" ಎಂದ ಮೈದುನ.

ಮತ್ತೆ ದೇರಾ

ಮರುದಿನ ಪುನಃ ಅದೇ ಅಂಗಡಿ. ಈ ಸಲ ಯಜಮಾನರು ಕಾರಿನಿಂದ ಇಳಿಯಲಿಲ್ಲ. ಐದು ಇಂಚಿನ ತೂತನ್ನು ನಾಲ್ಕು ಇಂಚು ಮಾಡುವ ಉಪಕರಣ ಇದೆಯೇ ಎಂದು ಕೇಳಿದೆ. ಅಂಗಡಿಯವರು ನಗಲಿಲ್ಲ, ಅದಕ್ಕಾಗಿ ಅವರನ್ನು ಇಂದಿಗೂ ಗೌರವಿಸುತ್ತೇನೆ.

"ಅಕ್ಕ, ತೂತು ದೊಡ್ಡದು ಮಾಡಲಿಕ್ಕೆ ನನ್ನಲ್ಲಿ ನೂರು ಸಾಮಾನು ಉಂಟು. ಸಣ್ಣದು ಮಾಡಲಿಕ್ಕೆ ಒಂದೂ ಇಲ್ಲ. ದೊಡ್ಡ ಲೈಟ್ ಉಂಟು. ಶೋರೂಮಿನವರು ಕೊಂಡುಹೋಗುವುದು."

ಹದಿನಾಲ್ಕು ಕೊಂಡುಬಂದೆ.

ಶುಕ್ರವಾರ

ಶುಕ್ರವಾರ ನಲವತ್ತು ಮಂದಿ ಬಂದರು. ಸ್ವಿಚ್ ಹಾಕಿದ ಕೂಡಲೇ ಮಾತಾಡುತ್ತಿದ್ದವರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದರು. ಒಬ್ಬ ಗೆಳತಿ ತನ್ನ ಸೀರೆ ನೋಡಿಕೊಂಡು, "ಇದು ಹಸಿರಂತ ಇಷ್ಟು ದಿನ ಗೊತ್ತೇ ಇರಲಿಲ್ಲ" ಎಂದಳು. ತಾಳ ಹೊಡೆಯುವವರು ಕಣ್ಣು ಮುಚ್ಚಿಕೊಂಡೇ ಎರಡು ಭಜನೆ ಮುಗಿಸಿದರು. ನೋಡಿದವರಿಗೆ ಅದು ಬಹಳ ಭಕ್ತಿಯಂತೆ ಕಂಡಿತು.

ಮಂಗಳಾರತಿಯಾಯಿತು. ನಾನು ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಹೋದೆ. ಮೊದಲು ಮಂಡಳಿಯ ಹಿರಿಯರು, ಎಪ್ಪತ್ತೈದರ ಅಜ್ಜ. ಅವರು ಕೈ ಚಾಚಿ ತಟ್ಟೆಯನ್ನು ದಿಟ್ಟಿಸಿ ನೋಡಿದರು. ಆ ಬೆಳಕಿನಲ್ಲಿ ಬತ್ತಿಯ ತುದಿಯ ಸಣ್ಣ ದೀಪ ಅವರಿಗೆ ಕಾಣಲೇ ಇಲ್ಲ.

"ಹೊತ್ತಿಸಿಲ್ವಾ ಅಮ್ಮ?"

"ಹೊತ್ತಿದೆ ಅಜ್ಜ."

"ಇಲ್ಲ ಅಂತ ಕಾಣ್ತದೆ" ಎಂದು ಬೆರಳಿಟ್ಟು ನೋಡಿದರು. ಕೈ ಎಳೆದುಕೊಂಡು, ಬೆರಳು ಊದುತ್ತ, "ಉಂಟು ಉಂಟು, ಹೊತ್ತಿ ಉಂಟು" ಎಂದು ಹಿಂದಿನವರಿಗೆಲ್ಲ ತಿಳಿಸಿದರು.

ಆಗ ಬಾಗಿಲ ಬಳಿ ನಿಂತಿದ್ದ ನನ್ನ ಮೈದುನ, ನಲವತ್ತು ಮಂದಿಗೂ ಕೇಳುವ ಹಾಗೆ ಹೇಳಿದ: "ಏನು ಮಾಡುವುದು ಅಜ್ಜ, ಅತ್ತಿಗೆ ಕೊಟ್ಟ ಅಳತೆಯಲ್ಲಿ ತೂತು ದೊಡ್ಡದಾಯ್ತು. ತೂತಿಗೆ ತಕ್ಕ ಲೈಟ್ ಹಾಕಬೇಕಲ್ಲ."

ಎಲ್ಲರೂ ನಕ್ಕರು. ಅಜ್ಜನೂ ನಕ್ಕರು. ಆರತಿ ತಟ್ಟೆ ಕೈಯಲ್ಲಿರುವಾಗ ವಾದ ಮಾಡುವುದನ್ನು ನಮ್ಮ ಮನೆಯಲ್ಲಿ ಕಲಿಸಿಲ್ಲ. ನಲವತ್ತು ಮಂದಿಯ ಮುಂದೂ ಹೋದೆ. ಕೊನೆಗೆ ಅವನ ಮುಂದೂ ಹೋದೆ. ಅವನು ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ವಾರವೇ ಪರಿಚಯದವರೊಬ್ಬರು ಫೋನ್ ಮಾಡಿದರು: "ಅಕ್ಕ, ಪರದೆ ಹೊಲಿಸುವುದಿತ್ತು. ಅಳತೆ ನಾವೇ ತೆಗೆದಿದ್ದೇವೆ. ಟೈಲರ್ ನಂಬರ್ ಮಾತ್ರ ಸಾಕು."

ಯಜಮಾನರು, "ಹೋಗ್ಲಿ ಬಿಡು, ಬೆಳಕಂತೂ ಬಂತಲ್ಲ" ಎನ್ನುತ್ತಾರೆ. ಬೆಳಕಿನ ವಿಷಯ ಬೇರೆ. ನಾನು ಬರೆದುಕೊಟ್ಟದ್ದು ನಾಲ್ಕು ಇಂಚು.

ಮುಂದಿನ ಭಜನೆ ಬನಿಯಾಸ್‌ನಲ್ಲಿ, ಮೈದುನನ ಮನೆಯಲ್ಲೇ ಇದೆ. ಅಲ್ಲಿ ಅವನು ಎದ್ದು ನಿಂತು, ಎಲ್ಲರೂ ಕೇಳುವ ಹಾಗೆ, ನನ್ನಲ್ಲಿ ಕ್ಷಮೆ ಕೇಳಬೇಕು.